ತಿರುಗದ ಫ್ಯಾನು: ದೇರಾದ ಒಂದು ಕಾರು, ಆರು ಕೊಂಡಿಗಳ ಸರಪಳಿ

ಇವತ್ತಿನ ವಿಷಯ ಕಾರಿನ ರೇಡಿಯೇಟರ್ ಫ್ಯಾನು. ಎಂಜಿನ್ ಕಾದರೂ ಅದು ತಿರುಗದೇ ಇದ್ದರೆ ಕಾರಣ ಹುಡುಕೋದು ಹೇಗೆ ಅಂತ ನೋಡೋಣ. ನನ್ನ ಕೆಲಸ ಇರೋದು ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ, ಗ್ಯಾರೇಜಿನಲ್ಲಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮ, ನಾವು ಪ್ರಯೋಗ ಕೈಕೊಟ್ಟಾಗ ಮಾಡುವ ಕ್ರಮಕ್ಕೆ ತುಂಬಾ ಹತ್ತಿರ. ಹಾಗಾಗಿ ಇದನ್ನ ಒಂದು ಪೂರ್ತಿ ಪಾಠವಾಗಿಯೇ ತಗೊಳ್ಳೋಣ.

ಪ್ರಶ್ನೆ ಬಂದದ್ದು ದುಬೈನ ದೇರಾದಿಂದ. ಕೇಳುಗರೊಬ್ಬರು, ಊರು ಸುಳ್ಯದ ಕಡೆ, ಧ್ವನಿ ಸಂದೇಶ ಕಳಿಸಿದ್ದರು. ಅವರ ಮಾತಲ್ಲೇ ಹೇಳ್ತೀನಿ: "ಮಾರಾಯ್ರೇ, ಓಡುವಾಗ ಎಂತ ತೊಂದರೆಯೂ ಇಲ್ಲ. ಸಿಗ್ನಲಿನಲ್ಲಿ ನಿಂತ ಕೂಡಲೇ ಸೂಜಿ ಮೇಲೆ ಹೋಗ್ತದೆ, ಎಸಿಯಲ್ಲಿ ಬಿಸಿ ಗಾಳಿ ಬರ್ತದೆ. ಎರಡು ಫ್ಯಾನ್ ಉಂಟು, ಎರಡೂ ತಿರುಗುವುದಿಲ್ಲ. ಒಂದು ಮೋಟಾರ್ ಹೊಸತು ಹಾಕಿ ಆಯ್ತು, ಸೆನ್ಸರ್ ಹೊಸತು ಹಾಕಿ ಆಯ್ತು. ಇನ್ನು ಎಂತ ಬದಲಿಸುವುದು?"

ಈ ನಾಲ್ಕೈದು ವಾಕ್ಯಗಳಲ್ಲೇ ಅರ್ಧ ಉತ್ತರ ಇದೆ. ಹೇಗೆ ಅಂತ ಆಮೇಲೆ ಹೇಳ್ತೀನಿ. ಮೊದಲು ಈ ಫ್ಯಾನು ಯಾಕೆ ಇದೆ ಅನ್ನೋದು ಸ್ಪಷ್ಟವಾಗಲಿ.

ಫ್ಯಾನು ಯಾವಾಗ ಬೇಕು?

ಪೆಟ್ರೋಲ್ ಎಂಜಿನ್ನಿನಲ್ಲಿ ಸುಟ್ಟ ಇಂಧನದ ಶಕ್ತಿಯನ್ನು ಸ್ಥೂಲವಾಗಿ ಮೂರು ಪಾಲು ಮಾಡಬಹುದು. ಒಂದು ಪಾಲು ಕಾರನ್ನು ಓಡಿಸುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಿಂದ ಬಿಸಿ ಹೊಗೆಯಾಗಿ ಹೋಗುತ್ತದೆ. ಮೂರನೆಯ ಪಾಲು ಎಂಜಿನ್ನಿನ ಲೋಹಕ್ಕೆ ಹತ್ತಿ, ಅಲ್ಲಿಂದ ಕೂಲಂಟಿಗೆ, ಕೂಲಂಟಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ಗಾಳಿಗೆ ಹೋಗಬೇಕು. ಕಾರು ವೇಗವಾಗಿ ಹೋಗುವಾಗ ಎದುರುಗಾಳಿ ತಾನಾಗೇ ರೇಡಿಯೇಟರಿನ ಮೂಲಕ ನುಗ್ಗುತ್ತದೆ, ಫ್ಯಾನು ಬೇಕಾಗಲ್ಲ. ಕಾರು ನಿಂತಾಗ ಆ ಗಾಳಿಯೂ ನಿಲ್ಲುತ್ತದೆ. ಫ್ಯಾನಿನ ಕೆಲಸ ಶುರುವಾಗೋದು ಆಗ.

ಹಾಗಾಗಿ "ಓಡುವಾಗ ಸರಿ, ನಿಂತಾಗ ಬಿಸಿ" ಅನ್ನೋದು ಫ್ಯಾನಿನ ದೋಷದ ಗುರುತು. ಇದಕ್ಕೆ ತಿರುಗಾಮುರುಗಾ ಆಗಿದ್ದರೆ, ಅಂದ್ರೆ ಸಿಗ್ನಲಿನಲ್ಲಿ ಸರಿ ಇದ್ದು 100 ಕಿಲೋಮೀಟರ್ ವೇಗದಲ್ಲಿ ಬಿಸಿಯಾದರೆ, ಅನುಮಾನ ಬೇರೆ ಕಡೆ ಹೋಗಬೇಕು: ಕಟ್ಟಿಕೊಂಡ ರೇಡಿಯೇಟರ್, ಕೂಲಂಟ್ ಕಮ್ಮಿ ಇರೋದು, ನೀರಿನ ಪಂಪು, ಪೂರ್ತಿ ತೆರೆಯದ ಥರ್ಮೋಸ್ಟಾಟ್.

ಈಗ ದೇರಾದ ವಿಷಯ. ಶಾಖ ದಾಟುವ ವೇಗ ಎರಡು ಕಡೆಯ ಉಷ್ಣಾಂಶದ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ. ಕೂಲಂಟ್ 95 ಡಿಗ್ರಿ ಸೆಲ್ಸಿಯಸ್ ಇದೆ ಅಂದುಕೊಳ್ಳಿ. ಬೆಂಗಳೂರಿನಲ್ಲಿ ಹೊರಗೆ 25 ಡಿಗ್ರಿ ಇದ್ದರೆ ವ್ಯತ್ಯಾಸ 70. ದೇರಾದಲ್ಲಿ ಆಗಸ್ಟ್ ಮಧ್ಯಾಹ್ನ ಹೊರಗೆ 45 ಇದ್ದರೆ ವ್ಯತ್ಯಾಸ 50. ಅದೇ ರೇಡಿಯೇಟರ್, ಅದೇ ಗಾಳಿ, ಆದರೆ ತಣಿಸುವ ಶಕ್ತಿ ಸುಮಾರು ಶೇಕಡಾ 30ರಷ್ಟು ಕಮ್ಮಿ. ಇದರ ಮೇಲೆ ಇನ್ನೊಂದಿದೆ. ಎಸಿಯ ಕಂಡೆನ್ಸರ್ ಇರೋದು ರೇಡಿಯೇಟರಿನ ಮುಂದೆ. ಕಾರಿನೊಳಗಿನ ಶಾಖವನ್ನ ಅದು ಮೊದಲು ಆ ಗಾಳಿಗೆ ಸುರಿಯುತ್ತದೆ. ಗಾಳಿ ರೇಡಿಯೇಟರನ್ನು ಮುಟ್ಟುವಾಗ 60 ಡಿಗ್ರಿ ಆಗಿದ್ದರೆ ಉಳಿಯೋದು 35 ಡಿಗ್ರಿ ವ್ಯತ್ಯಾಸ ಮಾತ್ರ, ಬೆಂಗಳೂರಿನ ಅರ್ಧ. ಸಂಜೆ ದೇರಾದಿಂದ ಶಾರ್ಜಾ ಕಡೆಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ತೆವಳುತ್ತಾ ಮನೆಗೆ ಹೋಗುವವರಿಗೆ ಇದರ ಅರ್ಥ ಗೊತ್ತಿರತ್ತೆ. ಅಲ್ಲಿ ಫ್ಯಾನು ನಿಂತರೆ ಎಂಜಿನ್ ಬಹಳ ಹೊತ್ತು ತಡೆದುಕೊಳ್ಳಲ್ಲ. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಿದರೆ, ಹೆಡ್ ಗ್ಯಾಸ್ಕೆಟ್ ಹೋದರೆ, ಹಳೆಯ ಕಾರಿನ ಬೆಲೆಗೆ ಹತ್ತಿರದ ಖರ್ಚು ಬರಬಹುದು.

ಕೊಲ್ಲಿಯ ದೇಶಗಳಿಗಾಗಿಯೇ ಮಾಡಿದ, ಅಲ್ಲಿನವರು ಜಿಸಿಸಿ ಸ್ಪೆಕ್ ಅನ್ನುವ ಕಾರುಗಳಲ್ಲಿ ಸಾಮಾನ್ಯವಾಗಿ ತಣಿಸುವ ವ್ಯವಸ್ಥೆಯನ್ನ ಆ ಬಿಸಿಲಿಗೆ ತಕ್ಕಂತೆ ಹೊಂದಿಸಿರ್ತಾರೆ. ಬೇರೆ ದೇಶದಿಂದ ಆಮದಾದ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಫ್ಯಾನಿನ ಬಗ್ಗೆ ಇನ್ನೂ ಸ್ವಲ್ಪ ಹುಷಾರಾಗಿರಬೇಕು.

ಜೇನುಗೂಡಿನ ಫ್ಯಾನು

ಫ್ಯಾನಿಗೆ "ಈಗ ತಿರುಗು" ಅಂತ ಹೇಳೋದು ಯಾರು? ಇಲ್ಲಿ ನನ್ನ ಕ್ಷೇತ್ರದಿಂದ ಒಂದು ಉದಾಹರಣೆ ಕೊಡ್ತೀನಿ. ಜೇನುಗೂಡಿನಲ್ಲಿ ಮರಿಗಳಿರುವ ಭಾಗವನ್ನ ಜೇನುಗಳು ಸುಮಾರು 34ರಿಂದ 36 ಡಿಗ್ರಿಯಲ್ಲಿ ಕಾಪಾಡುತ್ತವೆ. ಗೂಡು ಬಿಸಿಯಾದರೆ ಕೆಲಸಗಾರ ಜೇನುಗಳು ಒಂದೆಡೆ ನಿಂತು ರೆಕ್ಕೆ ಬೀಸಿ ಗಾಳಿ ಆಡಿಸುತ್ತವೆ. ಎಲ್ಲ ಜೇನುಗಳೂ ಒಂದೇ ಉಷ್ಣಾಂಶದಲ್ಲಿ ಬೀಸಲು ಶುರುಮಾಡಲ್ಲ. ರಾಣಿ ಜೇನು ಹಲವು ಗಂಡುಗಳ ಜೊತೆ ಕೂಡುವುದರಿಂದ ಗೂಡಿನಲ್ಲಿ ಹಲವು ತಂದೆಯರ ಮಕ್ಕಳಿರುತ್ತವೆ, ಒಂದೊಂದು ಗುಂಪು ಒಂದೊಂದು ಉಷ್ಣಾಂಶದಲ್ಲಿ ಎಚ್ಚೆತ್ತುಕೊಳ್ಳುತ್ತದೆ. ಇಂಥ ಬೆರಕೆ ಗೂಡುಗಳು ಒಂದೇ ತಂದೆಯ ಗೂಡುಗಳಿಗಿಂತ ಉಷ್ಣಾಂಶವನ್ನು ಹೆಚ್ಚು ಸ್ಥಿರವಾಗಿ ಇಡುತ್ತವೆ ಅಂತ 2004ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ತೋರಿಸಿತು.

ಕಾರಿನಲ್ಲಿ ಇರೋದು ಒಂದೋ ಎರಡೋ ಫ್ಯಾನು, ಹಾಗಾಗಿ ಬೇರೆ ಉಪಾಯ ಬೇಕು. ಸಾಮಾನ್ಯವಾಗಿ ಕೂಲಂಟ್ ಸುಮಾರು 95ರಿಂದ 105 ಡಿಗ್ರಿ ಮುಟ್ಟಿದಾಗ ಫ್ಯಾನು ಶುರುವಾಗಿ, ಅದಕ್ಕಿಂತ ಕೆಲವು ಡಿಗ್ರಿ ಕೆಳಗೆ ಬಂದ ಮೇಲೆ ನಿಲ್ಲುತ್ತದೆ. ಶುರುವಾಗುವ ಮಟ್ಟ, ನಿಲ್ಲುವ ಮಟ್ಟ ಎರಡೂ ಒಂದೇ ಆಗಿದ್ದರೆ ಫ್ಯಾನು ಕ್ಷಣಕ್ಕೊಮ್ಮೆ ಹತ್ತಿ ಆರುತ್ತಿತ್ತು. ಸರಿಯಾದ ಅಂಕಿ ಕಾರಿನಿಂದ ಕಾರಿಗೆ ಬೇರೆ. ಕೆಲವು ಕಾರುಗಳಲ್ಲಿ ಎರಡು ವೇಗ ಇರುತ್ತದೆ, ಹೊಸ ಕಾರುಗಳಲ್ಲಿ ವೇಗವೇ ನಿಧಾನಕ್ಕೆ ಏರುತ್ತದೆ.

ಹಾಗಾದರೆ "ಫ್ಯಾನು ತಿರುಗ್ತಿಲ್ಲ" ಅಂದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ: ಅದು ಈಗ ತಿರುಗಬೇಕಿತ್ತಾ? ಎಂಜಿನ್ ಇನ್ನೂ 80 ಡಿಗ್ರಿಯಲ್ಲಿದ್ದರೆ ಫ್ಯಾನು ನಿಂತಿರೋದೇ ಸರಿ. ಒಬಿಡಿ ರೀಡರ್ ಅಂತ ಒಂದು ಚಿಕ್ಕ ಸಾಧನ ಸಿಗುತ್ತದೆ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಫೋನಿನಲ್ಲೇ ಕೂಲಂಟಿನ ಉಷ್ಣಾಂಶ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಸೂಜಿಗಿಂತ ಇದನ್ನ ನಂಬಬಹುದು, ಯಾಕಂದ್ರೆ ಅನೇಕ ಕಾರುಗಳ ಸೂಜಿ ಒಂದು ದೊಡ್ಡ ವ್ಯಾಪ್ತಿಯ ಉಷ್ಣಾಂಶಕ್ಕೆ ನಡುವಿನಲ್ಲೇ ನಿಂತಿರುತ್ತದೆ.

ಕೆಲಸಕ್ಕೆ ಮೊದಲು ಎಚ್ಚರಿಕೆ

ಪರೀಕ್ಷೆಗಳಿಗೆ ಹೋಗುವ ಮೊದಲು ನಾಲ್ಕು ಮಾತು. ದಯವಿಟ್ಟು ಇದನ್ನ ದಾಟಿಸಿಕೊಂಡು ಹೋಗಬೇಡಿ.

ಒಂದು, ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಅರ್ಧ ನೀರು, ಅರ್ಧ ಎಥಿಲಿನ್ ಗ್ಲೈಕಾಲ್ ಇರುವ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಸುಮಾರು 1 ವಾಯುಭಾರದಷ್ಟು ಹೆಚ್ಚಿನ ಒತ್ತಡ ಹಿಡಿದಿಟ್ಟಾಗ ಅದು 125ರಿಂದ 130ರವರೆಗೂ ಕುದಿಯದೆ ಇರುತ್ತದೆ. 115 ಡಿಗ್ರಿಯ ಕೂಲಂಟಿನ ಮುಚ್ಚಳ ತಿರುಗಿಸಿದಿರಿ ಅಂದುಕೊಳ್ಳಿ. ಒತ್ತಡ ಇಳಿದ ಕ್ಷಣವೇ ಅದು ಪೂರ್ತಿ ಕುದಿಯಲು ಶುರುವಾಗಿ ಮುಖದ ಮೇಲೆ ಚಿಮ್ಮುತ್ತದೆ. ಕುಕ್ಕರಿನ ಮುಚ್ಚಳ ಸೀಟಿ ಇಳಿಯುವ ಮೊದಲು ತೆಗೆದ ಹಾಗೆ.

ಎರಡು, ಕೀ ತೆಗೆದ ಮೇಲೂ ಫ್ಯಾನು ತಾನಾಗೇ ತಿರುಗಬಹುದು. ಅನೇಕ ಕಾರುಗಳಲ್ಲಿ ಅದನ್ನ ಹಾಗೇ ಮಾಡಿರ್ತಾರೆ. ಫ್ಯಾನಿನ ಎಲೆಗಳ ಹತ್ತಿರ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ.

ಮೂರು, ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾಗಿದ್ದರೆ ಕಿತ್ತಳೆ ಬಣ್ಣದ ತಂತಿಗಳನ್ನ ಮುಟ್ಟಲೇಬೇಡಿ. ಅವು ಪ್ರಾಣ ತೆಗೆಯುವಷ್ಟು ವೋಲ್ಟೇಜಿನವು.

ನಾಲ್ಕು, ಮೋಟಾರಿಗೆ ಎರಡೇ ದಪ್ಪ ತಂತಿಗಳಿರುವ ಸಾಮಾನ್ಯ ಫ್ಯಾನಿಗೆ ಮಾತ್ರ ಈಗ ಹೇಳುವ ನೇರ ಪರೀಕ್ಷೆಗಳು ಹೊಂದುತ್ತವೆ. ಮೂರು ನಾಲ್ಕು ತಂತಿಗಳ, ಒಳಗೇ ಎಲೆಕ್ಟ್ರಾನಿಕ್ಸ್ ಇರುವ ಫ್ಯಾನಿಗೆ ನೇರ ಬ್ಯಾಟರಿ ಕೊಟ್ಟರೆ ಅದು ಸುಟ್ಟು ಹೋಗಬಹುದು. ಅಂಥದ್ದನ್ನ ಸರ್ವಿಸ್ ಮ್ಯಾನುಯಲ್ ಇರುವವರ ಕೈಗೆ ಕೊಡಿ.

ಸರಪಳಿಯ ಆರು ಕೊಂಡಿಗಳು

ಫ್ಯಾನು ತಿರುಗಬೇಕಾದರೆ ಆರು ಕೊಂಡಿಗಳು ಸರಿ ಇರಬೇಕು. ಮೊದಲನೆಯದು ಕೂಲಂಟಿನ ಉಷ್ಣಾಂಶ ಹೇಳುವ ಸೆನ್ಸರ್. ಎರಡನೆಯದು ಅದನ್ನ ಓದಿ ತೀರ್ಮಾನ ಮಾಡುವ ಕಂಪ್ಯೂಟರ್, ಇಸಿಯು. ಮೂರನೆಯದು ರಿಲೇ: ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಹಚ್ಚುವ ಸ್ವಿಚ್ಚು. ನಾಲ್ಕನೆಯದು ಬ್ಯಾಟರಿಯಿಂದ ಫ್ಯೂಸ್ ದಾಟಿ ಬರುವ ವಿದ್ಯುತ್. ಐದನೆಯದು ಮೋಟಾರ್. ಆರನೆಯದು, ಎಲ್ಲರೂ ಮರೆಯುವಂಥದ್ದು, ಕರೆಂಟು ವಾಪಸ್ ಬ್ಯಾಟರಿಗೆ ಹೋಗುವ ದಾರಿ, ಅಂದ್ರೆ ಅರ್ತ್. ಕಾರಿನಲ್ಲಿ ಈ ವಾಪಸ್ ದಾರಿ ಬಹುಪಾಲು ಕಾರಿನ ಲೋಹದ ಮೈಯೇ. ಮೋಟಾರಿನ ಕಪ್ಪು ತಂತಿಯನ್ನ ಒಂದು ಬೋಲ್ಟಿನಿಂದ ಮೈಗೆ ಬಿಗಿದಿರ್ತಾರೆ.

ಆರರಲ್ಲಿ ಯಾವುದು ಹೋಗಿದ್ದರೂ ಹೊರಗೆ ಕಾಣೋದು ಒಂದೇ ಲಕ್ಷಣ: ಫ್ಯಾನು ತಿರುಗಲ್ಲ. ಹಾಗಾಗಿ ಒಂದೊಂದೇ ಭಾಗ ಬದಲಿಸ್ತಾ ಹೋಗೋದು ಅಂದರೆ ಜ್ವರ ಬಂದವರಿಗೆ ಅಂಗಡಿಯಲ್ಲಿರುವ ಮಾತ್ರೆಗಳನ್ನೆಲ್ಲ ದಿನಕ್ಕೊಂದರಂತೆ ಕೊಟ್ಟ ಹಾಗೆ. ನೈಫ್ ಕಡೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಬೇಕಾದ ಮೋಟಾರ್, ರಿಲೇ ಸಿಗುತ್ತದೆ. ಅಷ್ಟು ಸುಲಭವಾಗಿ ಸಿಗೋದರಿಂದಲೇ ಪರೀಕ್ಷೆ ಮಾಡದೆ ತಂದು ಹಾಕುವ ಆಸೆ ಹುಟ್ಟೋದು.

ಪ್ರಯೋಗಾಲಯದಲ್ಲಿ ನಾವು ಪಿಸಿಆರ್ ಮಾಡ್ತೀವಿ, ಅಂದ್ರೆ ಒಂದು ಡಿಎನ್‌ಎ ತುಣುಕನ್ನ ಕೋಟ್ಯಂತರ ಪ್ರತಿ ಮಾಡೋದು. ಕೊನೆಗೆ ಏನೂ ಕಾಣದಿದ್ದರೆ ಎರಡು ಅರ್ಥ ಸಾಧ್ಯ. ಮಾದರಿಯಲ್ಲಿ ಆ ಡಿಎನ್‌ಎ ಇರಲಿಲ್ಲ, ಇಲ್ಲವೇ ಪ್ರಯೋಗವೇ ಕೆಲಸ ಮಾಡಲಿಲ್ಲ. ಇವೆರಡನ್ನ ಬೇರೆ ಮಾಡಲು, ಖಂಡಿತ ಉತ್ತರ ಬರಲೇಬೇಕಾದ ಒಂದು ಮಾದರಿಯನ್ನ ಜೊತೆಗೆ ಇಟ್ಟಿರ್ತೀವಿ. ಅದಕ್ಕೆ ಪಾಸಿಟಿವ್ ಕಂಟ್ರೋಲ್ ಅಂತಾರೆ. ಕಾರಿನಲ್ಲೂ ಅದನ್ನೇ ಮಾಡೋಣ. ಸರಪಳಿಯ ಒಂದು ಜಾಗದಲ್ಲಿ ನಾವೇ ಆಜ್ಞೆ ಕೊಟ್ಟು, ಮುಂದಿನ ಭಾಗ ಕೆಲಸ ಮಾಡತ್ತಾ ನೋಡೋಣ. ಒಂದು ಪರೀಕ್ಷೆ ಆರನ್ನ ಮೂರಕ್ಕೆ ಇಳಿಸಬೇಕು, ಮುಂದಿನದು ಒಂದೋ ಎರಡಕ್ಕೆ.

ಪರೀಕ್ಷೆ ಒಂದು: ಎಸಿ ಹಾಕಿ ನೋಡಿ

ಇದಕ್ಕೆ ಯಾವ ಉಪಕರಣವೂ ಬೇಡ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿಗೆ, ಎಂಜಿನ್ ಬಿಸಿಯಾಗದಿದ್ದರೂ, ಫ್ಯಾನು ತಿರುಗಬೇಕು. ಇದು ಅದೇ ಫ್ಯಾನಿಗೆ ಇನ್ನೊಂದು ಬಾಗಿಲಿನಿಂದ ಹೋಗುವ ಆಜ್ಞೆ. ಎಸಿಗೆ ತಿರುಗಿ, ಎಂಜಿನ್ ಬಿಸಿಗೆ ತಿರುಗದಿದ್ದರೆ ಮೋಟಾರು, ಅರ್ತ್ ಎರಡೂ ಬಹುಮಟ್ಟಿಗೆ ಪಾಸ್. ಅನುಮಾನ ಸೆನ್ಸರಿನ ಕಡೆಗೆ. ಎರಡಕ್ಕೂ ತಿರುಗದಿದ್ದರೆ ಎರಡು ದಾರಿಗೂ ಸಾಮಾನ್ಯವಾದ ಕೊಂಡಿಯಲ್ಲಿ ಹುಡುಕಬೇಕು.

ಪರೀಕ್ಷೆ ಎರಡು: ಸೆನ್ಸರ್ ಸುಳ್ಳು ಹೇಳ್ತಿದೆಯಾ?

ರಾತ್ರಿಯಿಡೀ ನಿಂತ ಕಾರನ್ನ ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಕೀ ಮಾತ್ರ ಆನ್ ಮಾಡಿ ಒಬಿಡಿ ರೀಡರಿನಲ್ಲಿ ಎರಡು ಅಂಕಿ ನೋಡಿ: ಕೂಲಂಟಿನ ಉಷ್ಣಾಂಶ, ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣಾಂಶ. ಇಡೀ ರಾತ್ರಿ ನಿಂತಿದೆ ಅಂದ್ಮೇಲೆ ಎರಡೂ ಕೆಲವೇ ಡಿಗ್ರಿ ಅಂತರದಲ್ಲಿರಬೇಕು. ಗಾಳಿ 34, ಕೂಲಂಟ್ 5 ಅಂತ ಬಂದರೆ ಸೆನ್ಸರ್ ಸುಳ್ಳು ಹೇಳ್ತಿದೆ.

ಈ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ ಇಳಿಯುತ್ತದೆ. ಅನೇಕ ಕಾರುಗಳಲ್ಲಿ 20 ಡಿಗ್ರಿಗೆ 2ರಿಂದ 3 ಕಿಲೋ ಓಮ್ ಇದ್ದದ್ದು 80 ಡಿಗ್ರಿಗೆ ಸುಮಾರು 300 ಓಮ್ ಆಗುತ್ತದೆ. ಅದರ ಕನೆಕ್ಟರ್ ಕಿತ್ತರೆ ರೋಧ ಅನಂತ ಅನ್ನಿಸಿ, ಇಸಿಯುಗೆ ಹೊರಗೆ ಕೊರೆಯುವ ಚಳಿ ಇದ್ದ ಹಾಗೆ ಕಾಣುತ್ತದೆ. ಆದರೆ ಇಸಿಯು ಇದು ಅಸಾಧ್ಯ ಅಂತ ಗುರುತಿಸಿ, ಪಿ0118 ಅನ್ನುವ ದೋಷ ಸಂಕೇತ ಬರೆದುಕೊಂಡು, ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಉಳಿಯಲಿ ಅಂತ ಫ್ಯಾನನ್ನ ತಾನೇ ಹಚ್ಚುತ್ತದೆ. ಹಾಗಾಗಿ ಎಂಜಿನ್ ಚಾಲೂ ಇರುವಾಗ ಈ ಕನೆಕ್ಟರ್ ತೆಗೆಯೋದು ಒಳ್ಳೆಯ ಪರೀಕ್ಷೆ. ಫ್ಯಾನು ತಿರುಗಿತೇ? ಹಾಗಾದರೆ ಇಸಿಯುನಿಂದ ಮುಂದೆ ಎಲ್ಲವೂ ಸರಿ. ತಿರುಗಲಿಲ್ಲವೇ? ರಿಲೇ ಪೆಟ್ಟಿಗೆಗೆ ಕಿವಿ ಕೊಡಿ, ರಿಲೇ ಮೇಲೆ ಬೆರಳಿಡಿ. ಟಿಕ್ ಅಂತ ಸದ್ದು ಬಂದರೆ ಆಜ್ಞೆ ರಿಲೇವರೆಗೂ ತಲುಪಿದೆ ಅಂತ ಅರ್ಥ.

ಒಂದು ಮಾತು ನೆನಪಿರಲಿ: ಕೂಲಂಟ್ ಕಮ್ಮಿಯಾಗಿ ಸೆನ್ಸರಿನ ತುದಿ ಗಾಳಿಯಲ್ಲಿ ನಿಂತರೆ, ಒಳ್ಳೆಯ ಸೆನ್ಸರೂ ತಪ್ಪು ಉಷ್ಣಾಂಶ ಹೇಳಬಹುದು. ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡೋದು ಎಲ್ಲಕ್ಕಿಂತ ಮೊದಲ ಕೆಲಸ.

ಪರೀಕ್ಷೆ ಮೂರು: ಫ್ಯೂಸು ಮತ್ತು ರಿಲೇ

ಫ್ಯೂಸನ್ನ ಕಣ್ಣಿನಿಂದ ನೋಡಿದರೆ ಸಾಲದು. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ ಹಾಕಿ, ಇನ್ನೊಂದನ್ನ ಫ್ಯೂಸಿನ ಎರಡೂ ತಲೆಗಳಿಗೆ ಮುಟ್ಟಿಸಿ. ಎರಡರಲ್ಲೂ ದೀಪ ಹತ್ತಬೇಕು. ಫ್ಯೂಸು ಸುಟ್ಟಿದ್ದರೆ ಅದೇ ಅಳತೆಯದ್ದನ್ನೇ ಹಾಕಿ. ಮತ್ತೆ ಸುಟ್ಟರೆ ಮೋಟಾರ್ ಬಿಗಿಯಾಗಿದೆ, ಇಲ್ಲವೇ ಎಲ್ಲೋ ತಂತಿ ಉಜ್ಜಿ ಮೈಗೆ ತಾಗ್ತಿದೆ. 30 ಆಂಪಿಯರ್ ಜಾಗಕ್ಕೆ 50 ಹಾಕಿದರೆ ಫ್ಯೂಸಿನ ಬದಲು ತಂತಿ ಸುಡುತ್ತದೆ, ತಂತಿಯಿಂದ ಕಾರಿಗೆ ಬೆಂಕಿ ಹತ್ತಬಹುದು.

ರಿಲೇಗೆ ಸುಲಭ ಉಪಾಯ: ಅದೇ ಪೆಟ್ಟಿಗೆಯಲ್ಲಿ, ಮೈಮೇಲೆ ಅದೇ ನಂಬರ್ ಬರೆದಿರುವ ಇನ್ನೊಂದು ರಿಲೇ ಇರಬಹುದು, ಬಹಳ ಸಲ ಹಾರನ್ನಿನದ್ದು. ಎರಡನ್ನೂ ಅದಲು ಬದಲು ಮಾಡಿ. ಫ್ಯಾನು ತಿರುಗಿ ಹಾರನ್ ನಿಂತರೆ ಉತ್ತರ ಸಿಕ್ಕಿತು.

ಈಗ ಸರಪಳಿಯನ್ನ ನಡುವೆ ಕತ್ತರಿಸುವ ಮುಖ್ಯ ಪರೀಕ್ಷೆ. ಸಾಮಾನ್ಯ ರಿಲೇಯ ಕಾಲುಗಳಿಗೆ 30, 85, 86, 87 ಅಂತ ನಂಬರ್ ಇರುತ್ತದೆ. 85 ಮತ್ತು 86 ಒಳಗಿನ ಸುರುಳಿಯವು. 30ಕ್ಕೆ ಸಾಮಾನ್ಯವಾಗಿ ಬ್ಯಾಟರಿಯಿಂದ ಬರುತ್ತದೆ, 87 ಫ್ಯಾನಿಗೆ ಹೋಗುತ್ತದೆ. ರಿಲೇ ಕಿತ್ತು, ನಡುವೆ ಫ್ಯೂಸ್ ಇರುವ ಒಂದು ದಪ್ಪ ತಂತಿಯಿಂದ ಸಾಕೆಟ್ಟಿನ 30 ಮತ್ತು 87ನ್ನ ಸೇರಿಸಿ. ಫ್ಯಾನು ತಿರುಗಿದರೆ ವಿದ್ಯುತ್, ಮೋಟಾರ್, ಅರ್ತ್ ಮೂರೂ ಸರಿ, ದೋಷ ರಿಲೇಯಲ್ಲಿ ಅಥವಾ ಅದಕ್ಕೂ ಹಿಂದೆ. ತಿರುಗದಿದ್ದರೆ ಮೊದಲ ಮೂರು ಕೊಂಡಿಗಳನ್ನ ಪಕ್ಕಕ್ಕಿಟ್ಟು ಉಳಿದ ಮೂರರಲ್ಲಿ ಹುಡುಕಿ.

ಪರೀಕ್ಷೆ ನಾಲ್ಕು: ಮೋಟಾರಿಗೆ ನೇರ ಬ್ಯಾಟರಿ

ಮೋಟಾರಿನ ಕನೆಕ್ಟರ್ ತೆಗೆದು, ಬ್ಯಾಟರಿಯ ಎರಡೂ ಧ್ರುವಗಳಿಂದ ಫ್ಯೂಸ್ ಹಾಕಿದ ತಂತಿಗಳಲ್ಲಿ ನೇರ ಕೊಡಿ. ತಿರುಗಿದರೆ ಮೋಟಾರ್ ನಿರಪರಾಧಿ. ತಿರುಗದೆ, ಮೆಲ್ಲಗೆ ತಟ್ಟಿದ ಮೇಲೆ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು. ಇವತ್ತು ನಡೀತು ಅಂತ ಬಿಡಬೇಡಿ, ಅದು ಹೆಚ್ಚು ದಿನ ಬಾಳಲ್ಲ. ಗಮನಿಸಿ, ಈ ಪರೀಕ್ಷೆಯಲ್ಲಿ ನಾವು ಕಾರಿನ ಅರ್ತನ್ನ ಬಳಸಲೇ ಇಲ್ಲ, ನೆಗೆಟಿವ್ ಕೂಡ ನೇರ ಬ್ಯಾಟರಿಯಿಂದಲೇ ಕೊಟ್ಟೆವು. ಈ ಸಣ್ಣ ವಿವರ ಮುಂದೆ ಬೇಕಾಗತ್ತೆ.

ದೇರಾದ ಕಾರಿನಲ್ಲಿ ಸಿಕ್ಕಿದ್ದು

ಈಗ ಆ ಸಂದೇಶಕ್ಕೆ ಬರೋಣ. ಎರಡು ಫ್ಯಾನುಗಳು, ಎರಡು ಬೇರೆ ಮೋಟಾರುಗಳು, ಒಟ್ಟಿಗೆ ನಿಂತಿವೆ. ಎರಡು ಮೋಟಾರುಗಳು ಒಂದೇ ವಾರ ಸಾಯೋದು ಅಸಾಧ್ಯವಲ್ಲ, ಆದರೆ ಅಪರೂಪ. ಒಂದೇ ಹಾಸ್ಟೆಲಿನ ಇಬ್ಬರಿಗೆ ಒಂದೇ ರಾತ್ರಿ ಹೊಟ್ಟೆ ಕೆಟ್ಟರೆ ವೈದ್ಯರು ಮೊದಲು ಕೇಳೋದು ಇಬ್ಬರೂ ಏನು ಊಟ ಮಾಡಿದರು ಅಂತ. ಇಲ್ಲಿಯೂ ಹಾಗೇ: ಎರಡು ಮೋಟಾರುಗಳಿಗೂ ಸಾಮಾನ್ಯವಾದದ್ದು ಯಾವುದು? ಒಂದು ಮೋಟಾರ್ ಬದಲಿಸಿದ ಮೇಲೂ ಅದು ತಿರುಗದಿದ್ದಾಗಲೇ ಮೋಟಾರಿನ ಊಹೆ ಬಿದ್ದುಹೋಗಿತ್ತು.

ನಾನು ಅವರಿಗೆ ಪರೀಕ್ಷೆಗಳ ಪಟ್ಟಿ ಕಳಿಸಿದೆ. ಅವರು ವಿದ್ಯುತ್ ಕೆಲಸ ಬಲ್ಲ ಗೆಳೆಯರೊಬ್ಬರ ಜೊತೆ ಒಂದು ರಜೆಯ ಬೆಳಿಗ್ಗೆ ಮಾಡಿ ನೋಡಿ ಉತ್ತರ ಕಳಿಸಿದರು. ಎಸಿ ಹಾಕಿದಾಗ ಎರಡೂ ತಿರುಗಲಿಲ್ಲ. ಸೆನ್ಸರ್ ಕನೆಕ್ಟರ್ ತೆಗೆದಾಗ ರಿಲೇಗಳು ಟಿಕ್ ಅಂದವು, ಫ್ಯಾನು ತಿರುಗಲಿಲ್ಲ. ಅಂದ್ರೆ ಸೆನ್ಸರ್, ಇಸಿಯು ಕಡೆಯಿಂದ ಆಜ್ಞೆ ಬರ್ತಿದೆ. ಸೆನ್ಸರ್ ಬದಲಿಸುವ ಮೊದಲು ಈ ಒಂದು ಸದ್ದು ಕೇಳಿದ್ದರೆ ಅದರ ಹಣ ಉಳಿಯುತ್ತಿತ್ತು. ಫ್ಯೂಸುಗಳು ಸರಿ. 30 ಮತ್ತು 87 ಸೇರಿಸಿದರೂ ಫ್ಯಾನಿಲ್ಲ. ಆದರೆ ಬ್ಯಾಟರಿಯಿಂದ ನೇರ ಕೊಟ್ಟಾಗ ಎರಡೂ ಮೋಟಾರುಗಳು ಜೋರಾಗಿ ತಿರುಗಿದವು.

ಉಳಿದದ್ದು ಎರಡು ಕೊಂಡಿ: ಬರುವ ವಿದ್ಯುತ್, ಹೋಗುವ ಅರ್ತ್. ಅವರು ಮಲ್ಟಿಮೀಟರಿನ ಒಂದು ಮುಳ್ಳು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಿಚ್ಚಿದ ಕನೆಕ್ಟರಿನ ಪಾಸಿಟಿವ್‌ಗೆ ಇಟ್ಟು ನೋಡಿದರು. 12.5 ವೋಲ್ಟ್! "ಕರೆಂಟ್ ಬರ್ತಾ ಉಂಟು, ಮೋಟಾರ್ ಸರಿ ಉಂಟು, ಆದ್ರೂ ತಿರುಗುವುದಿಲ್ಲ, ಇದೆಂತ ಕತೆ?" ಅಂತ ಕೇಳಿದರು.

ಕತೆ ಇರೋದು ಅಳತೆ ಮಾಡಿದ ರೀತಿಯಲ್ಲಿ. ತೋಟದ ಪೈಪು ಎಲ್ಲೋ ನಡುವೆ ಮಡಚಿಕೊಂಡಿದೆ ಅಂದುಕೊಳ್ಳಿ. ತುದಿಯನ್ನ ಹೆಬ್ಬೆರಳಿನಿಂದ ಪೂರ್ತಿ ಮುಚ್ಚಿ ಹಿಡಿದರೆ, ಸ್ವಲ್ಪ ಹೊತ್ತಿಗೆ ಬೆರಳಿಗೆ ಪೂರ್ತಿ ಒತ್ತಡ ತಿಳಿಯುತ್ತದೆ. ಬೆರಳು ತೆಗೆದರೆ ಮಾತ್ರ ನೀರು ತೊಟ್ಟಿಕ್ಕುತ್ತದೆ. ಮಲ್ಟಿಮೀಟರ್ ಆ ಹೆಬ್ಬೆರಳಿನ ಹಾಗೆ. ಅದು ಬಹುತೇಕ ಕರೆಂಟನ್ನೇ ಎಳೆಯಲ್ಲ, ಹಾಗಾಗಿ ದಾರಿಯಲ್ಲಿರುವ ಅಡ್ಡಿ ಅದಕ್ಕೆ ಕಾಣಲ್ಲ. ಫ್ಯಾನು 10ರಿಂದ 30 ಆಂಪಿಯರ್ ಎಳೆಯುವಂಥದ್ದು. ಹಾಗಾಗಿ ಅಳತೆ ಮಾಡಬೇಕಾದದ್ದು ಮೋಟಾರನ್ನ ಜೋಡಿಸಿ, ಹೊರೆ ಇರುವಾಗ. ಜೊತೆಗೆ ಅವರು ಅಳೆದದ್ದು ಬ್ಯಾಟರಿಯ ನೆಗೆಟಿವ್‌ನಿಂದ, ಫ್ಯಾನಿನ ಸ್ವಂತ ಅರ್ತ್‌ನಿಂದ ಅಲ್ಲ. ವಾಪಸ್ ಹೋಗುವ ದಾರಿ ಪರೀಕ್ಷೆಯಿಂದ ಹೊರಗೇ ಉಳಿದಿತ್ತು.

ಕನೆಕ್ಟರ್ ಜೋಡಿಸಿ, 30 ಮತ್ತು 87 ಸೇರಿಸಿ, ಮೋಟಾರಿನ ಕಪ್ಪು ತಂತಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆಯಿರಿ ಅಂದೆ. ಅರ್ತ್ ಸರಿ ಇದ್ದರೆ ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರಬೇಕು, 0.5 ವೋಲ್ಟ್ ಬಂದರೂ ಅನುಮಾನ ಪಡಬೇಕು. ಬಂದದ್ದು 9 ವೋಲ್ಟ್!

ಸ್ವಲ್ಪ ಲೆಕ್ಕ ಹಾಕೋಣ. ನಿಂತಿರುವ ಮೋಟಾರಿನ ರೋಧ 1 ಓಮ್, ಕೆಟ್ಟ ಅರ್ತಿನ ರೋಧ 3 ಓಮ್ ಅಂದುಕೊಳ್ಳಿ. ಒಟ್ಟು 4 ಓಮ್. 12 ವೋಲ್ಟಿಗೆ ಹರಿಯೋದು 3 ಆಂಪಿಯರ್ ಮಾತ್ರ. ಅದರಲ್ಲಿ 9 ವೋಲ್ಟ್ ಕೆಟ್ಟ ಜೋಡಣೆಯೇ ತಿಂದುಬಿಡುತ್ತದೆ, ಮೋಟಾರಿಗೆ ಸಿಗೋದು 3 ವೋಲ್ಟ್. ಅಷ್ಟರಲ್ಲಿ ಅದು ಅಲುಗಾಡಲ್ಲ. ಕರೆಂಟು ಇಷ್ಟು ಕಮ್ಮಿ ಇರೋದರಿಂದ ಫ್ಯೂಸೂ ಸುಡಲ್ಲ. ಎಲ್ಲ ಸುಳಿವುಗಳೂ ಒಂದಕ್ಕೊಂದು ಹೊಂದಿಕೊಂಡವು.

ತಂತಿ ಹಿಡಿದುಕೊಂಡು ಹೋದರೆ ಎರಡು ಫ್ಯಾನುಗಳ ಕಪ್ಪು ತಂತಿಗಳೂ ಹೆಡ್‌ಲೈಟಿನ ಹಿಂದೆ ಒಂದೇ ಬೋಲ್ಟಿನಲ್ಲಿ ಸೇರಿದ್ದವು. ಸೆಕೆಂಡ್ ಹ್ಯಾಂಡ್ ಕಾರು. ಹಿಂದೆ ಯಾವಾಗಲೋ ಮುಂಭಾಗ ಗುದ್ದಿ, ರಿಪೇರಿ ಆಗಿ, ಹೊಸ ಪೇಂಟ್ ಆಗಿತ್ತು. ಪೇಂಟಿನ ಮೇಲೇ ಆ ಬೋಲ್ಟನ್ನ ಬಿಗಿದಿದ್ದರು. ಪೇಂಟು ವಿದ್ಯುತ್ತನ್ನ ಬಿಡಲ್ಲ. ಇಷ್ಟು ದಿನ ಬೋಲ್ಟಿನ ಎಳೆಗಳ ಮೂಲಕ ಹೇಗೋ ನಡೆದಿತ್ತು, ತೇವಕ್ಕೆ ತುಕ್ಕು ಹಿಡಿದ ಮೇಲೆ ಅದೂ ನಿಂತಿತು. ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ತಂತಿಯ ತುದಿ ಶುಚಿ ಮಾಡಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ಫ್ಯಾನುಗಳು ತಿರುಗಿದವು. ದುರಸ್ತಿಗೆ ತಗಲಿದ ಸಾಮಾನು ಒಂದು ಹಾಳೆ ಉಪ್ಪುಕಾಗದ.

ದೇರಾ ಖೋರಿನ ದಡದಲ್ಲಿರುವ ಊರು, ಒಂದು ಕಡೆ ಸಮುದ್ರವೂ ಇದೆ. ಬೇಸಿಗೆಯ ರಾತ್ರಿಗಳಲ್ಲಿ ಗಾಳಿ ತೇವದಿಂದ ಭಾರವಾಗಿರುತ್ತದೆ, ಅದರಲ್ಲಿ ಉಪ್ಪೂ ಇರುತ್ತದೆ. ಮಂಗಳೂರು, ಉಡುಪಿ, ಕಾಸರಗೋಡಿನ ಕೇಳುಗರಿಗೂ ಇದು ಹೊಸದಲ್ಲ. ಇಂಥ ಊರುಗಳಲ್ಲಿ ಅರ್ತ್ ಬೋಲ್ಟನ್ನ ಮೊದಲೇ ನೋಡೋದು ಒಳ್ಳೆಯ ಅಭ್ಯಾಸ.

"ಡೈರೆಕ್ಟ್ ಮಾಡಿಬಿಡಿ" ಅಂದರೆ?

ಅವರಿಗೆ ಗ್ಯಾರೇಜಿನಲ್ಲಿ ಇನ್ನೊಂದು ಸಲಹೆಯೂ ಸಿಕ್ಕಿತ್ತಂತೆ: ಬ್ಯಾಟರಿಯಿಂದ ಫ್ಯಾನಿಗೆ ನೇರ ತಂತಿ ಎಳೆದು ಒಂದು ಸ್ವಿಚ್ ಹಾಕಿಬಿಡೋದು. ಆ ಸಂಜೆ ಮನೆ ತಲುಪಲು, ನಡುವೆ ಫ್ಯೂಸ್ ಇಟ್ಟು, ಹಾಗೆ ಮಾಡಿದರೆ ತಪ್ಪಿಲ್ಲ. ಅದನ್ನೇ ಶಾಶ್ವತ ಮಾಡಿದರೆ ಸ್ವಿಚ್ ಮರೆತ ದಿನ ಎಂಜಿನ್ ಹೋಗುತ್ತದೆ, ಆರಿಸಲು ಮರೆತ ದಿನ ಬ್ಯಾಟರಿ ಹೋಗುತ್ತದೆ. ಫ್ಯೂಸ್ ಇಲ್ಲದ ತಂತಿ ಉಜ್ಜಿದ ದಿನ ಬೆಂಕಿ. ಮೂಲ ದೋಷವಂತೂ ಅಲ್ಲೇ ಉಳಿದಿರುತ್ತದೆ.

ದಾರಿಯಲ್ಲಿ ಸೂಜಿ ಏರಿದರೆ

ಕೊನೆಯದಾಗಿ, ಇದೆಲ್ಲ ಗೊತ್ತಾಗುವ ಮೊದಲೇ ಟ್ರಾಫಿಕ್‌ನಲ್ಲಿ ಸೂಜಿ ಮೇಲೆ ಹೋಗ್ತಿದ್ದರೆ ಏನು ಮಾಡಬೇಕು? ಎಸಿ ಆರಿಸಿ. ಒಳಗಿನ ಹೀಟರನ್ನ ಪೂರ್ತಿ ಬಿಸಿಗೆ, ಪೂರ್ತಿ ವೇಗಕ್ಕೆ ಹಾಕಿ, ಕಿಟಕಿಗಳನ್ನ ಇಳಿಸಿ. ಆಗಸ್ಟಿನ ದುಬೈನಲ್ಲಿ ಇದು ಶಿಕ್ಷೆಯೇ ಸರಿ. ಆದರೆ ಹೀಟರ್ ಅಂದ್ರೆ ಇನ್ನೊಂದು ಚಿಕ್ಕ ರೇಡಿಯೇಟರ್, ಅದಕ್ಕೆ ಸ್ವಂತ ಫ್ಯಾನು ಇದೆ. ಅದರಿಂದ ಸಿಗುವ ಒಂದೆರಡು ನಿಮಿಷದಲ್ಲಿ ಸುರಕ್ಷಿತ ಜಾಗಕ್ಕೆ ಕಾರು ತಂದು ನಿಲ್ಲಿಸಿ ಎಂಜಿನ್ ಆರಿಸಿ. ಸೂಜಿ ಕೆಂಪು ಮುಟ್ಟಿದ್ದರೆ "ಇನ್ನೊಂದು ಸಿಗ್ನಲ್ ಅಷ್ಟೇ" ಅಂತ ಹೋಗಬೇಡಿ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಸೀಳಬಹುದು.

ಕಾರಿಗಿಂತ ಮೊದಲು ಜನ. ಎಸಿ ಇಲ್ಲದ ನಿಂತ ಕಾರು ಆ ಬಿಸಿಲಿನಲ್ಲಿ ನಿಮಿಷಗಳಲ್ಲಿ ಒಲೆಯಾಗುತ್ತದೆ. ಮಕ್ಕಳು, ವಯಸ್ಸಾದವರು ಇದ್ದರೆ ಅವರನ್ನ ವಾಹನಗಳಿಂದ ದೂರ, ನೆರಳಿಗೆ ಕರೆದೊಯ್ದು ನೀರು ಕೊಡಿ. ರಸ್ತೆ ನಡುವೆ ಅಪಾಯದಲ್ಲಿ ಸಿಕ್ಕಿಕೊಂಡಿದ್ದರೆ ಪೊಲೀಸರ ತುರ್ತು ಸಂಖ್ಯೆ 999. ಎಂಜಿನ್ ಪೂರ್ತಿ ತಣಿದ ಮೇಲೆಯೇ ಕೂಲಂಟ್ ಮಟ್ಟ ನೋಡಿ.

ಈ ವಾರ ನಿಮಗೊಂದು ಮನೆಕೆಲಸ. ಕಾರನ್ನ ತೆರೆದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ ಎಸಿ ಹಾಕಿ, ಬಾನೆಟ್ ಎತ್ತಿ ದೂರದಿಂದ ನೋಡಿ. ಎಷ್ಟು ಫ್ಯಾನುಗಳಿವೆ? ಎಲ್ಲವೂ ತಿರುಗ್ತಿವೆಯಾ? ಹತ್ತು ನಿಮಿಷದ ಕೆಲಸ. ನಿಮ್ಮ ಕಾರಿನಲ್ಲಿ ಕಂಡದ್ದನ್ನ ಧ್ವನಿ ಸಂದೇಶದಲ್ಲಿ ಕಳಿಸಿ, ಯಾವ ಪರೀಕ್ಷೆಗೆ ಏನು ಉತ್ತರ ಬಂತು ಅನ್ನೋದನ್ನೂ ಸೇರಿಸಿ.